ೞಕಾರ ಹೋದ ದಾರಿ

ಮಂಗಳೂರು ಎಂದೊಡನೆ ತಾವು ಕಡಲನ್ನು ನೆನೆಯಬಹುದು. ನಾನು ಹೇಳಹೊರಟಿರುವುದು ಕೊಪ್ಪಳ ಸೀಮೆಯ ಮಂಗಳೂರಿನ ಮಾತು. ಅಲ್ಲಿಯ ರೈತನು ‘ಮಳಿ ಬಂತು’, ‘ಹೊತ್ತಾತು’ ಎನ್ನುವಾಗ ಎರಡರಲ್ಲಿಯೂ ಅಳಿದುಹೋದ ಒಂದೇ ಅಕ್ಷರದ ಗುರುತಿದೆ. ಮಳೆ ಹಿಂದೆ ‘ಮೞೆ’ಯಾಗಿತ್ತು, ಹೊತ್ತು ‘ಪೊೞ್ತು’ ಆಗಿತ್ತು.

ತಮಿಳು ಮಲಯಾಳಗಳಲ್ಲಿ ಈ ಧ್ವನಿ ಇನ್ನೂ ಜೀವಂತವಾಗಿದೆ. ತಮಿಳರು ತಮ್ಮ ನುಡಿಯ ಹೆಸರು ಹೇಳುವಾಗ ಕೊನೆಯಲ್ಲಿ ಕೇಳಿಸುವುದು ಇದೇ. ನಾಲಗೆಯ ತುದಿ ಹಿಂದಕ್ಕೆ ಮಡಿಚಿ ಅಂಗುಳನ್ನು ಸಮೀಪಿಸಬೇಕು, ಆದರೆ ಮುಟ್ಟಬಾರದು. ಮುಟ್ಟಿತೋ, ಅದು ಳಕಾರವಾಯಿತು! ಸಂಸ್ಕೃತ ಪ್ರಾಕೃತಗಳಿಗೆ ಇದು ಬೇಕಿರಲಿಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನು ಕೊರೆಯಿಸಿದ ಪ್ರಾಕೃತ ಶಾಸನದ ಬ್ರಾಹ್ಮಿಯಲ್ಲಿ ಇದಕ್ಕೆ ಗುರುತೇ ಇಲ್ಲ. ಅದೇ ಕೊಪಣವನ್ನು 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ಊರುಗಳಲ್ಲಿ ಎಣಿಸುವ ಹೊತ್ತಿಗೆ ೞಕಾರವು ಕನ್ನಡ ಬರೆಹದಲ್ಲಿ ಊರಿ ನಿಂತಿತ್ತು.

ಮುಂದೆ ಅದು ಎರಡು ದಾರಿ ಹಿಡಿಯಿತು. ಸ್ವರದ ಮುಂದೆ ಳಕಾರವಾಯಿತು: ಕೋೞಿ ಕೋಳಿಯಾಯಿತು. ವ್ಯಂಜನದ ಮುಂದೆ ರಕಾರವಾಗಿ, ಬಳಿಕ ಆ ವ್ಯಂಜನದಲ್ಲಿಯೇ ಕರಗಿತು: ಬಿೞ್ದು, ಬಿರ್ದು, ಬಿದ್ದು, ಕೞ್ತೆ, ಕರ್ತೆ, ಕತ್ತೆ. (ನಮ್ಮ ಕಡೆ ಅದೂ ‘ಕತ್ತಿ’ಯಾಗಿ, ಖಡ್ಗಕ್ಕೂ ಗಾರ್ದಭಕ್ಕೂ ಭೇದವಿಲ್ಲದಂತಾಗಿದೆ.) ರ-ಲಗಳ ಈ ನೆರೆಹೊರೆ ದೂರದ ಕೊರಿಯದಲ್ಲಿಯೂ ಉಂಟು. 1446ರಲ್ಲಿ ಸೇಜೋಂಗ್ ದೊರೆ ಪ್ರಕಟಿಸಿದ ಲಿಪಿಯಲ್ಲಿ ‘ರಿಯುಲ್’ ಎಂಬ ಒಂದು ಅಕ್ಷರವಿದೆ. ಸ್ವರಗಳ ನಡುವೆ ಅದು ರಕಾರದಂತೆ, ಪದಾಂತ್ಯದಲ್ಲಿ ಲಕಾರದಂತೆ ಕೇಳುತ್ತದೆ. ಅದರ ಹೆಸರಿನಲ್ಲಿಯೇ ಎರಡೂ ಇವೆ. ಅಲ್ಲಿ ಒಂದೇ ಅಕ್ಷರ ಎರಡು ಧ್ವನಿಗಳನ್ನು ಹೊತ್ತು ಬಾಳಿದೆ. ಇಲ್ಲಿ ಧ್ವನಿ ಒಡೆದು, ಅಕ್ಷರವೇ ಹೋಯಿತು.

13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರೞ, ಕುಳ, ಕ್ಷಳಗಳನ್ನು ಬೇರ್ಪಡಿಸಿ, ೞಕಾರದ ಶಬ್ದಗಳನ್ನು ಪಟ್ಟಿಮಾಡಿಕೊಟ್ಟನು. ಎಲ್ಲರ ನಾಲಗೆಯ ಮೇಲೂ ಇದ್ದ ಧ್ವನಿಗೆ ಪಟ್ಟಿ ಏತಕ್ಕೆ ಬೇಕು? ಭೇದವು ಆಗಲೇ ಮಸುಕಾಗುತ್ತಿತ್ತೆಂದೇ ನನ್ನ ಎಣಿಕೆ. ಆಳ್ ಎಂದರೆ ಆಳ್ವಿಕೆ ನಡೆಸು. ಆೞ್ ಎಂದರೆ ಮುಳುಗು. ಬಾಳ್ ಎಂದರೆ ಖಡ್ಗ. ಬಾೞ್ ಎಂದರೆ ಬದುಕು.

ಆದುದರಿಂದಲೇ ಹಳೆಯ ಪಾಠಗಳನ್ನು ಅಚ್ಚುಮಾಡುವಾಗ ೞಕಾರದ ಬದಲು ಳಕಾರ ಹಾಕಿ ‘ಸುಲಭ’ಗೊಳಿಸುವುದು ನನಗೆ ಒಪ್ಪಿಗೆಯಲ್ಲ. ಹಲ್ಮಿಡಿ ಶಾಸನದಲ್ಲಿ ‘ಬಾಳ್ಗೞ್ಚು’ ಎಂಬ ಮಾತಿದೆ. ಕೞ್ಚು ಎಂದರೆ ತೊಳೆ. ಕಾದಿ ಗೆದ್ದ ವೀರನ ಖಡ್ಗ ತೊಳೆದು ಕೊಟ್ಟ ದತ್ತಿ ಅದು. ಇಂದಿನ ಕಿವಿಗೆ ಅದು ಬಾಳು ಕಳಚಿದಂತೆ ಕೇಳುತ್ತದೆ.