ಲೆಕ್ಕಕ್ಕೇ ಬಾರದಿದ್ದ 45,900 ಜನ

ಒಂದೇ ವರ್ಷ, ಒಂದೇ ದೇಶ, ಹಾವು ಕಚ್ಚಿ ಸತ್ತವರು 45,900! 2005ರ ಭಾರತದ ಈ ಅಂದಾಜು ಪ್ರಕಟವಾದದ್ದು 2011ರಲ್ಲಿ. ಅದಕ್ಕೆ ಮೂರೇ ವರ್ಷ ಮುಂಚೆ ಬಂದಿದ್ದ ಜಾಗತಿಕ ಅಧ್ಯಯನವೊಂದು ನಮ್ಮ ದೇಶದ ಪಾಲಿಗೆ ಬರೆದಿದ್ದ ಸಂಖ್ಯೆ ಸುಮಾರು 11,000. ಉಳಿದವರೆಲ್ಲ ಎಲ್ಲಿದ್ದರು? ಯಾರೂ ಎಣಿಸದ ಊರುಗಳಲ್ಲಿ!

ಅವರನ್ನು ಹುಡುಕಿ ತೆಗೆದ ಬಗೆ ಇನ್ನೂ ಸೋಜಿಗದ್ದು. ಡಾ. ಪ್ರಭಾತ್ ಝಾ ಅವರ ತಂಡ ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಯ ಜೊತೆ ಸೇರಿ ನಡೆಸಿದ ‘ಮಿಲಿಯನ್ ಡೆತ್ ಸ್ಟಡಿ’ಯಲ್ಲಿ ಗಣತಿದಾರರು ಸಾವಾದ ಮನೆಗಳಿಗೇ ಹೋದರು. ಏನಾಯಿತು, ಎಷ್ಟು ದಿನ ಜ್ವರವಿತ್ತು, ಉಸಿರು ಕಟ್ಟಿತ್ತೇ ಎಂದು ಕೇಳಿ, ಮನೆಯವರು ಹೇಳಿದ್ದನ್ನು ಅವರದೇ ಭಾಷೆಯಲ್ಲಿ ಬರೆದುಕೊಂಡರು. ಆ ಭಾಷೆ ಬಲ್ಲ ಇಬ್ಬರು ವೈದ್ಯರು ಅದನ್ನು ಬೇರೆಬೇರೆಯಾಗಿ ಓದಿ ಸಾವಿನ ಕಾರಣ ಗುರುತಿಸಿದರು. ಇಬ್ಬರಿಗೂ ಒಮ್ಮತವಾಗದಿದ್ದರೆ ಹಿರಿಯ ವೈದ್ಯರೊಬ್ಬರ ತೀರ್ಮಾನ. ಶವವಿಲ್ಲ, ರಕ್ತಪರೀಕ್ಷೆಯಿಲ್ಲ; ಮಾತೇ ಇಲ್ಲಿ ಮರಣೋತ್ತರ ಪರೀಕ್ಷೆ!

2001ರಿಂದ 2003ರವರೆಗಿನ ಸುಮಾರು 1,23,000 ಸಾವುಗಳನ್ನು ಹೀಗೆ ಓದಿದಾಗ 562 ಹಾವು ಕಡಿತದವು ಎಂದು ತಿಳಿಯಿತು; ಆ ಪ್ರಮಾಣವನ್ನು 2005ರ ಇಡೀ ದೇಶದ ಸಾವುಗಳಿಗೆ ಅನ್ವಯಿಸಿದಾಗ ಸಿಕ್ಕಿದ್ದೇ 45,900. ಆ 562 ಸಾವುಗಳ ಪುಟಗಳಲ್ಲಿ ಎಷ್ಟೊಂದು ಸತ್ಯ! ನೂರಕ್ಕೆ 97 ಸಾವು ಹಳ್ಳಿಗಳದ್ದು. ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದವರು ನೂರಕ್ಕೆ 23 ಮಾತ್ರ. ಆಸ್ಪತ್ರೆಯ ದಾಖಲೆ ನೆಚ್ಚಿಕೊಂಡ ಲೆಕ್ಕ ಸೋರಿಹೋದದ್ದು ಅಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌, ಅಂದರೆ ಗದ್ದೆ ಹೊಲಗಳಲ್ಲಿ ಕೆಲಸ ಏರುವ ಮಳೆಗಾಲದಲ್ಲಿ ಸಾವೂ ಏರುತ್ತದೆ. ಅತಿ ಹೆಚ್ಚು ಬಲಿಯಾದವರು 15ರಿಂದ 29ರ ಹರೆಯದವರು.

ರೋಗದ ಹೊರೆ ಅಳೆಯುವವರು ವಯಸ್ಸನ್ನು ಇಷ್ಟು ಗಮನಿಸುವುದೇಕೆಂದು ಇಲ್ಲಿ ಅರ್ಥವಾಗುತ್ತದೆ. ಅವರು ಹೆಣ ಎಣಿಸಿ ಸುಮ್ಮನಾಗುವುದಿಲ್ಲ; ಬದುಕಬಹುದಾಗಿದ್ದ ವರ್ಷಗಳನ್ನೂ, ಉಳಿದವರು ಊನದೊಂದಿಗೆ ಕಳೆಯುವ ವರ್ಷಗಳನ್ನೂ ಕೂಡಿಸುತ್ತಾರೆ. ಇಪ್ಪತ್ತರ ಹುಡುಗಿ ಹೋದರೆ ಕಳೆದುಹೋಗುವುದು ಅರ್ಧ ಶತಮಾನಕ್ಕೂ ಮಿಕ್ಕಿದ ಬಾಳು!

ಎಣಿಕೆಗೆ ಬಂದದ್ದು ಆಡಳಿತದ ಕಣ್ಣಿಗೂ ಬೀಳುತ್ತದೆ. 2020ರಲ್ಲಿ ಬಂದ ಮುಂದಿನ ಅಧ್ಯಯನ, 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಮಂದಿ ಸತ್ತರೆಂದು ಅಂದಾಜಿಸಿತು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಕೇಂದ್ರವೂ ಎಲ್ಲ ರಾಜ್ಯಗಳಿಗೆ ಹಾಗೆಯೇ ಮಾಡಲು ಹೇಳಿತು. ಎಲ್ಲಿ, ಯಾವ ತಿಂಗಳು, ಯಾರಿಗೆ ಎಂಬುದು ಈಗ ಗೊತ್ತು. ಮುಂಗಾರು ಕಾಲಿಡುವ ಮುನ್ನವೇ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಷನಿರೋಧಕ ಚುಚ್ಚುಮದ್ದು ಸಿದ್ಧವಿರಲಿ; ದುಃಖದಲ್ಲೂ ಕೂತು ಉತ್ತರ ಹೇಳಿದ ಆ ಮನೆಗಳಿಗೆ ನಾವು ತೀರಿಸಬೇಕಾದ ಋಣ ಅದು.