ಫ್ಯಾಮಿಲಿ ರೂಮಿನ ಪರದೆ

ಬೆಂಗಳೂರು, ಮೈಸೂರಿನ ಹಳೆಯ ಹೋಟೆಲುಗಳಲ್ಲಿ ಗಲ್ಲಾ ದಾಟಿ ಒಳಕ್ಕೆ ಹೋದರೆ ಒಂದು ಬದಿಯಲ್ಲಿ ‘ಫ್ಯಾಮಿಲಿ ರೂಮ್’ ಎಂಬ ಫಲಕ ಕಾಣುತ್ತಿತ್ತು. ಆಳೆತ್ತರದ ಮರದ ಅಡ್ಡಗೋಡೆ, ಅರ್ಧ ಬಾಗಿಲು ಇಲ್ಲವೇ ಮಾಸಿದ ಪರದೆ, ಒಳಗೆ ಒಂದು ಮೇಜು, ಎದುರುಬದುರು ಎರಡು ಬೆಂಚು. ಈಗ ನಗರದ ಬಾರು, ರೆಸ್ಟೋರೆಂಟುಗಳಲ್ಲಿ ಎತ್ತರದ ಮೆತ್ತನೆ ಒರಗಿನ ‘ಬೂತ್’ ಬೇಕೆಂದು ಜನ ಮೊದಲೇ ಫೋನು ಮಾಡಿ ಕಾದಿರಿಸುತ್ತಾರೆ. ಅವರು ಹುಡುಕುವುದೂ ಅಂಥದೇ ಜಾಗವನ್ನು: ಊರ ನಡುವೆಯೇ ಇದ್ದು ಊರಿನ ಕಣ್ಣಿಗೆ ಬೀಳದ ಒಂದು ಮೂಲೆ.

ಹೋಟೆಲಿನ ಭಾಷೆಯಲ್ಲಿ ‘ಫ್ಯಾಮಿಲಿ’ ಎಂಬ ಪದಕ್ಕೆ ವಿಚಿತ್ರ ಅರ್ಥವಿತ್ತು. ಒಂದೇ ಮನೆಯ ನಾಲ್ವರು ಅಣ್ಣತಮ್ಮಂದಿರು ಬಂದರೆ ಅದು ಫ್ಯಾಮಿಲಿ ಅಲ್ಲ. ಹೆಂಗಸೊಬ್ಬಳೇ ಬಂದರೆ ಅವಳು ಫ್ಯಾಮಿಲಿ! ಮಾಣಿ ಅವಳಿಗೆ ಒಳಕೋಣೆಯತ್ತ ಕೈ ತೋರಿಸುತ್ತಿದ್ದ. ಹೆಂಗಸರು ಹೊರಗೆ ತಿನ್ನುವುದೇ ತಪ್ಪೆಂದು ಮನೆಮಂದಿ ಭಾವಿಸಿದ್ದ ಕಾಲದಲ್ಲಿ ಆ ಪರದೆ ಅವರಿಗೆ ಹೋಟೆಲಿನ ಬಾಗಿಲು ತೆರೆಯಿತು. ಆದರೆ ಉಳಿದ ಹೋಟೆಲು ನಿನ್ನದಲ್ಲ ಎಂದು ಹೇಳಿದ್ದೂ ಅದೇ ಪರದೆ.

ಇದು ನಮ್ಮಲ್ಲಿ ಮಾತ್ರ ಇದ್ದ ಏರ್ಪಾಡಲ್ಲ. ಬ್ರಿಟನ್ ಮತ್ತು ಐರ್ಲೆಂಡಿನ ಪಬ್ಬುಗಳಲ್ಲಿ ‘ಸ್ನಗ್’ ಎಂಬ ಪುಟ್ಟ ಕೋಣೆಗಳಿದ್ದವು. ನಾಲ್ಕು ಜನರ ಎದುರು ಕುಡಿಯಲು ಸಂಕೋಚವಿದ್ದ ಹೆಂಗಸರೂ ಗಣ್ಯರೂ ಅಲ್ಲಿ ಕೂರುತ್ತಿದ್ದರು. ಬೆಲ್‌ಫಾಸ್ಟಿನ ಕ್ರೌನ್ ಲಿಕ್ಕರ್ ಸಲೂನಿನಲ್ಲಿ ಇಂಥ ಹತ್ತು ಕೋಣೆಗಳಿವೆ. ಕಡ್ಡಿ ಗೀರಲು ಲೋಹದ ಪಟ್ಟಿ, ಮಾಣಿಯನ್ನು ಕರೆಯಲು ಗಂಟೆಯ ಗುಂಡಿ ಕೂಡ ಅಲ್ಲಿ ಉಳಿದಿವೆ. 1978ರಲ್ಲಿ ನ್ಯಾಷನಲ್ ಟ್ರಸ್ಟ್ ಆ ಪಬ್ಬನ್ನು ಕೊಂಡು ಕಾಪಾಡಿತು.

ನಮ್ಮ ಹೋಟೆಲುಗಳ ಗೋಡೆಗೆ ಇನ್ನೂ ಕಹಿಯಾದ ಚರಿತ್ರೆಯಿದೆ. ಬ್ರಾಹ್ಮಣರಿಗೆ ಬೇರೆ ಪಂಕ್ತಿ, ಬೇರೆ ಕೋಣೆ ಇಟ್ಟ ಹೋಟೆಲುಗಳು ಸ್ವಾತಂತ್ರ್ಯಪೂರ್ವದಲ್ಲಿ ಸಾಮಾನ್ಯವಾಗಿದ್ದವು. ದಲಿತರಿಗಂತೂ ಎಷ್ಟೋ ಕಡೆ ಹೊಸ್ತಿಲೇ ಗಡಿ. ಸಂವಿಧಾನದ 15ನೇ ವಿಧಿ ಹೋಟೆಲುಗಳನ್ನು ಹೆಸರಿಸಿಯೇ ಈ ಭೇದವನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆ ಗೊತ್ತುಮಾಡಿತು. ಬೇಕೆಂದು ಮರೆಯಲ್ಲಿ ಕೂರುವುದು ಬೇರೆ, ಕೂರಿಸಲ್ಪಡುವುದು ಬೇರೆ. ಗೋಡೆ ನೋಡಲು ಒಂದೇ ಇರಬಹುದು.

1983ರಲ್ಲಿ ಜಯನಗರದಲ್ಲಿ ಶುರುವಾದ ದರ್ಶಿನಿ ಗೋಡೆಯನ್ನೂ ಕುರ್ಚಿಯನ್ನೂ ಒಟ್ಟಿಗೇ ತೆಗೆದುಹಾಕಿತು. ಚೀಟಿ ಕೊಂಡು, ತಟ್ಟೆ ಹಿಡಿದು, ನಿಂತೇ ತಿನ್ನುವ ಪದ್ಧತಿ ಅದು. ಅಲ್ಲಿ ಯಾರ ಪಕ್ಕದಲ್ಲಿ ಯಾರು ನಿಂತರೆಂದು ಕೇಳುವವರಿಲ್ಲ. ಹೆಂಗಸರೂ ಗಂಡಸರ ಸರಿಸಮ ನಿಂತು ಇಡ್ಲಿ ತಿಂದರು. ಆದರೆ ಇಬ್ಬರು ಕೂತು ಕಷ್ಟಸುಖ ಮಾತಾಡುವ ಜಾಗ ಮಾತ್ರ ಮಾಯವಾಯಿತು.

ಆ ಕೊರತೆಯನ್ನೇ ಇಂದಿನ ಬೂತ್ ತುಂಬುತ್ತಿದೆ. ಅದರ ಎತ್ತರದ ಒರಗು ಪಕ್ಕದವರ ನೋಟ ತಡೆಯುತ್ತದೆ, ಮೆತ್ತೆ ಗದ್ದಲವನ್ನು ಒಂದಿಷ್ಟು ನುಂಗುತ್ತದೆ. ಬೆನ್ನಿಗೆ ಬೆನ್ನು ಜೋಡಿಸಿದರೆ ಕುರ್ಚಿ ಹಿಂದಕ್ಕೆ ಎಳೆಯುವ ಜಾಗ ಉಳಿಯುವುದರಿಂದ ಮಾಲೀಕನಿಗೂ ಲಾಭ. ನಷ್ಟವೂ ಉಂಟು: ನಾಲ್ವರ ಬೂತಿನಲ್ಲಿ ಇಬ್ಬರು ಕೂತರೆ ಎರಡು ಸೀಟು ಖಾಲಿ. ಶನಿವಾರ ರಾತ್ರಿ ಜೋಡಿಗಳಿಗೆ ಬೂತ್ ಸಿಗದಿರಲು ಇದೇ ಕಾರಣ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಗಿರಾಕಿ ಬರುವ ಮುನ್ನ, ಮೂರರಿಂದ ಐದರೊಳಗೆ ಹೋಗಿ ನೋಡಿ, ಸುಲಭವಾಗಿ ಸಿಗುತ್ತದೆ.

ಹಳೆಯ ಫ್ಯಾಮಿಲಿ ರೂಮಿನಲ್ಲಿ ಎರಡು ಕಾಫಿಯ ಬೆಲೆಗೆ ಅರ್ಧ ಗಂಟೆ ಏಕಾಂತ ಸಿಗುತ್ತಿತ್ತು. ಮದುವೆ ಮಾತುಕತೆಯೂ ಪ್ರೇಮಿಗಳ ಜಗಳವೂ ಅಲ್ಲಿ ನಡೆದವು. ಈಗ ಬೂತಿಗೆ ಯಾರೂ ಜಾತಿ ಕೇಳುವುದಿಲ್ಲ, ಒಂಟಿ ಹೆಂಗಸನ್ನು ಅದರೊಳಕ್ಕೆ ತಳ್ಳುವುದೂ ಇಲ್ಲ. ಕೇಳುವುದು ಬಿಲ್ಲಿನ ಮೊತ್ತವನ್ನು. ಒಂದೇ ಕೋಣೆಯ ಬಾಡಿಗೆಮನೆಯಲ್ಲೋ ಹಾಸ್ಟೆಲಿನಲ್ಲೋ ಇರುವವರಿಗೆ ಅಂಥದೊಂದು ಮೂಲೆಯ ಅಗತ್ಯ ಎಲ್ಲರಿಗಿಂತ ಹೆಚ್ಚು. ಅವರು ಇನ್ನೂ ಪಾರ್ಕಿನ ಬೆಂಚನ್ನೇ ನೆಚ್ಚಿಕೊಂಡಿದ್ದಾರೆ.