‘ಪುಟ್ಟಿ ಇವತ್ತು ಏನು ತಿಂದಳು?’

ಭಾನುವಾರ ಹಾಸನದಿಂದ ವಿಡಿಯೊ ಕರೆ ಬಂದರೆ ಅಜ್ಜಿಯ ಮೊದಲ ಮಾತು ಒಂದೇ: ‘ಪುಟ್ಟಿ ಇವತ್ತು ಏನು ತಿಂದಳು?’

ಬಹಳ ದಿನ ನಾವು ಸುಳ್ಳು ಹೇಳಿದೆವು. ಒಮ್ಮೆ ಅನ್ನ–ಸಾರು ಎಂದೆವು, ಇನ್ನೊಮ್ಮೆ ಇಡ್ಲಿ ಎಂದೆವು. ನಿಜ ಬೇರೆಯೇ ಇತ್ತು. ಎರಡು ವರ್ಷ ದಾಟಿದ ಮಗಳು ನಾಲ್ಕು ಚಮಚ ನುಂಗಲು ಒಂದು ಗಂಟೆ ಹಿಡಿಯುತ್ತಿತ್ತು. ಊಟದ ಹೊತ್ತು ಬಂತೆಂದರೆ ಅವಳಿಗೆ ಅಳು, ನಮಗೆ ಎದೆಬಡಿತ.

ನಾವು ಕೆಲಸದ ವೀಸಾ ಮೇಲೆ ಇಂಗ್ಲೆಂಡ್‌ಗೆ ಬಂದವರು. ಮಗಳು ಹುಟ್ಟಿದ್ದು ಇಲ್ಲೇ, 28 ವಾರಕ್ಕೆ. ಕಳೆದ ವರ್ಷ ಅವಳ ಹೊಟ್ಟೆಗೆ ಆಹಾರದ ನಳಿಕೆ ಹಾಕಿಸಿದೆವು. ಆ ನಿರ್ಧಾರಕ್ಕೆ ಬರಲು ನಮಗೆ ಏಳು ತಿಂಗಳು ಬೇಕಾಯಿತು. ಇಂಥದೇ ಸ್ಥಿತಿಯಲ್ಲಿರುವ ತಂದೆ–ತಾಯಿಗೆ, ಅದಕ್ಕಿಂತ ಹೆಚ್ಚಾಗಿ ಊರಿನಲ್ಲಿ ಕುಳಿತು ಕಳವಳಪಡುವ ಹಿರಿಯರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಕೆಮ್ಮದ ಮಗು

ಒಂದೇ ಚಳಿಗಾಲದಲ್ಲಿ ಮೂರು ಸಲ ಎದೆಯ ಸೋಂಕಾಗಿ ಮಗಳು ಆಸ್ಪತ್ರೆ ಸೇರಿದಳು. ಮೂರನೇ ಸಲ ವೈದ್ಯರು ಸ್ಪೀಚ್ ಥೆರಪಿಸ್ಟ್ ಬಳಿ ಕಳಿಸಿದರು. ಇಲ್ಲಿ ಮಾತನ್ನಷ್ಟೇ ಅಲ್ಲ, ಮಗು ಹೇಗೆ ನುಂಗುತ್ತದೆ ಎಂಬುದನ್ನೂ ಪರೀಕ್ಷಿಸುವವರು ಅವರೇ. ಬೇರಿಯಂ ಬೆರೆಸಿದ ಹಾಲು ಕುಡಿಸಿ ಎಕ್ಸ್‌ರೇ ವಿಡಿಯೊ ತೆಗೆದರು. ಪರದೆಯ ಮೇಲೆ ಹಾಲು ಕಪ್ಪು ಗೆರೆಯಾಗಿ ಕೆಳಗಿಳಿಯಿತು. ಅದರಲ್ಲಿ ಒಂದು ಎಳೆ ಶ್ವಾಸನಾಳದ ಕಡೆ ಜಾರಿತು. ಮಗು ಕೆಮ್ಮಲಿಲ್ಲ. ಕೆಮ್ಮಬೇಕಿತ್ತು. ನಾವು ಅಕ್ಕರೆಯಿಂದ ಕುಡಿಸಿದ ಹಾಲು ಸದ್ದಿಲ್ಲದೆ ಅವಳ ಶ್ವಾಸಕೋಶ ಸೇರುತ್ತಿತ್ತು ಎಂದು ತಿಳಿದಾಗ ಆದ ಸಂಕಟ ಹೇಳತೀರದು.

ಮೊದಲು ಮೂಗಿನಿಂದ ನಳಿಕೆ ಹಾಕಿದರು. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ರೈಲ್ಸ್ ಟ್ಯೂಬ್ ಎನ್ನುತ್ತಾರಲ್ಲ, ಅದೇ ರೀತಿಯದು. ಬಾಯಿಗೆ ಗಟ್ಟಿ ಮಾಡಿದ ಆಹಾರ, ಉಳಿದದ್ದು ನಳಿಕೆಯಲ್ಲಿ. ಪ್ರತಿ ಸಲವೂ ಹೊಟ್ಟೆಯ ದ್ರವ ಸ್ವಲ್ಪ ಹೊರಗೆಳೆದು ಪಟ್ಟಿಯ ಮೇಲೆ ಹಾಕಿ, ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇದೆಯೇ ಎಂದು ನೋಡಬೇಕು. ನಳಿಕೆ ತಪ್ಪಿ ಶ್ವಾಸಕೋಶಕ್ಕೆ ಹೋಗಿದ್ದರೆ ಅಪಾಯ. ಪುಟ್ಟಿ ವಾರಕ್ಕೆರಡು ಸಲವಾದರೂ ಅದನ್ನು ಕಿತ್ತೆಸೆಯುತ್ತಿದ್ದಳು. ಮತ್ತೆ ಹಾಕುವಾಗ ಒಬ್ಬರು ಅವಳ ಕೈ ಹಿಡಿಯಬೇಕು, ಇನ್ನೊಬ್ಬರು ತಲೆ. ವಿಡಿಯೊ ಕರೆಯಲ್ಲಿ ಕೆನ್ನೆಯ ಟೇಪು ಕಾಣದಂತೆ ಫೋನ್ ಹಿಡಿಯುವುದನ್ನೂ ಕಲಿತೆವು.

ಇದು ಬಹಳ ಕಾಲ ಬೇಕಾಗುವುದರಿಂದ ನೇರವಾಗಿ ಹೊಟ್ಟೆಗೇ ನಳಿಕೆ ಹಾಕುವುದು ಒಳ್ಳೆಯದು ಎಂದು ವೈದ್ಯರು ಹೇಳಿದ ದಿನ ಊರಿಗೆ ನಿಜ ಹೇಳಲೇಬೇಕಾಯಿತು.

‘ಮಗು ಹೊಟ್ಟೆಗೆ ತೂತು ಹಾಕಿಸ್ತೀರಾ? ನಾನೇ ಬಂದು ತಿನ್ನಿಸ್ತೀನಿ, ಆಪರೇಷನ್ ಬೇಡ ಕಣ್ರಪ್ಪ’ ಎಂದು ಅಜ್ಜಿ ಅತ್ತರು. ಅವರ ಭಯಕ್ಕೆ ಕಾರಣವಿತ್ತು. ಅಜ್ಜನ ಕೊನೆಯ ಹದಿನೈದು ದಿನ ಅವರ ಮೂಗಿನಲ್ಲಿ ನಳಿಕೆ ಇತ್ತು. ನಳಿಕೆ ಎಂದರೆ ಎಲ್ಲ ಮುಗಿಯಿತು ಎಂದೇ ಅಜ್ಜಿಯ ಲೆಕ್ಕ. ನಿಜ ಹೇಳಬೇಕೆಂದರೆ ನಮ್ಮ ಲೆಕ್ಕವೂ ಅದೇ ಆಗಿತ್ತು. ಕೈತುತ್ತು ಕೊಟ್ಟು ಬೆಳೆಸಲಾಗದ ತಂದೆ–ತಾಯಿ ಎಂಬ ಕೊರಗು ಬೇರೆ.

ನಮ್ಮ ಕಣ್ಣು ತೆರೆಸಿದವರು ಡಯಟೀಷಿಯನ್. ಊಟ ಮಾಡಿಸಲು ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ ಎಂದು ಒಂದು ವಾರ ಬರೆದಿಡಲು ಹೇಳಿದರು. ಬರೆದೆವು. ದಿನಕ್ಕೆ ಹತ್ತಿರ ಹತ್ತಿರ ಐದೂವರೆ ಗಂಟೆ. ಅದೇ ವಾರ ಮಗಳ ಜೊತೆ ಕುಳಿತು ಆಡಿದ್ದು ದಿನಕ್ಕೆ ಅರ್ಧ ಗಂಟೆಯೂ ಇರಲಿಲ್ಲ. ಆ ಹಾಳೆ ನೋಡಿದ ರಾತ್ರಿಯೇ ಒಪ್ಪಿಗೆ ಕೊಡುವುದೆಂದು ತೀರ್ಮಾನಿಸಿದೆವು.

ಗೊಂಬೆಗೂ ಒಂದು ಗುಂಡಿ

ಹೊಟ್ಟೆ ಕೊಯ್ಯದೆ, ಎಂಡೊಸ್ಕೋಪ್ ನೆರವಿನಿಂದ ನಳಿಕೆ ಹಾಕುವ ಈ ವಿಧಾನ ಹೊಸದೇನಲ್ಲ. 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ವೈದ್ಯರಾದ ಗಾಡರರ್ ಮತ್ತು ಪಾನ್‌ಸ್ಕಿ ಇದನ್ನು ಮೊದಲು ಮಾಡಿದ್ದೇ ಒಂದು ಹಸುಗೂಸಿಗೆ. ಈ ಸಂಗತಿ ತಿಳಿದು ನಮಗೆ ಎಷ್ಟೋ ಧೈರ್ಯ ಬಂತು.

ಇಲ್ಲಿನ ಮಕ್ಕಳ ಆಸ್ಪತ್ರೆಗಳಲ್ಲಿ ಪ್ಲೇ ಸ್ಪೆಷಲಿಸ್ಟ್ ಎಂಬುವರು ಇರುತ್ತಾರೆ. ಆಟದ ಮೂಲಕ ಮಗುವನ್ನು ಚಿಕಿತ್ಸೆಗೆ ಸಿದ್ಧಪಡಿಸುವುದೇ ಅವರ ಕೆಲಸ. ಅವರು ಪುಟ್ಟಿಯ ಗೊಂಬೆಗೂ ಹೊಟ್ಟೆಯಲ್ಲಿ ಒಂದು ನಳಿಕೆ ಇಟ್ಟುಕೊಟ್ಟರು. ಎರಡು ವಾರ ಅವಳು ಸಿರಿಂಜ್ ಹಿಡಿದು ಗೊಂಬೆಗೆ ನೀರು ಕುಡಿಸಿದಳು. ‘ನಿನ್ನ ಅಂಗಿಗೆ ಗುಂಡಿ ಇದೆಯಲ್ಲ, ಹಾಗೇ ಹೊಟ್ಟೆಗೂ ಒಂದು ಗುಂಡಿ’ ಎಂದು ನಾವು ಕನ್ನಡದಲ್ಲಿ ಹೇಳಿಕೊಟ್ಟೆವು. ನೋವೇ ಆಗುವುದಿಲ್ಲ ಎಂದು ಮಾತ್ರ ಹೇಳಲಿಲ್ಲ. ‘ಸ್ವಲ್ಪ ನೋಯುತ್ತೆ, ಔಷಧಿ ಕೊಡ್ತಾರೆ, ನಾವು ಪಕ್ಕದಲ್ಲೇ ಇರ್ತೀವಿ’ ಎಂದೆವು.

ಆ ದಿನ ಕೈಗೆ ಮರಗಟ್ಟಿಸುವ ಮುಲಾಮು ಹಚ್ಚಿದ ಮೇಲೆಯೇ ಸೂಜಿ ಚುಚ್ಚಿದರು. ಅರಿವಳಿಕೆ ಕೊಡುವ ಕೋಣೆಗೆ ನಮ್ಮಲ್ಲಿ ಒಬ್ಬರನ್ನು ಬಿಟ್ಟರು. ನಿದ್ದೆ ಬರುವವರೆಗೂ ಅವಳು ಗೊಂಬೆಯನ್ನು ಬಿಡಲಿಲ್ಲ. ಒಂದು ಗಂಟೆಯೊಳಗೆ ಎಲ್ಲ ಮುಗಿದಿತ್ತು. ಮೂರು ರಾತ್ರಿ ಆಸ್ಪತ್ರೆಯಲ್ಲಿದ್ದೆವು. ಮೊದಲ ದಿನ ಅವಳು ಅತ್ತಿದ್ದನ್ನು ನೋಡಿ ತಪ್ಪು ಮಾಡಿದೆವೇನೋ ಎಂದು ನಾವೂ ಅತ್ತೆವು. ಮೂರನೇ ದಿನ ಅವಳು ವಾರ್ಡಿನ ಆಟಿಕೆ ಕಾರಿನಲ್ಲಿ ಓಡಾಡುತ್ತಿದ್ದಳು.

ಮನೆಯಲ್ಲಿ ದಿನಚರಿ

ಕೆಲವು ತಿಂಗಳ ಬಳಿಕ ಉದ್ದದ ನಳಿಕೆ ತೆಗೆದು, ಚರ್ಮಕ್ಕೆ ಅಂಟಿಕೊಂಡಂತಿರುವ ಬಟನ್ ಹಾಕಿದರು. ಒಳಗೆ ನೀರು ತುಂಬಿದ ಪುಟ್ಟ ಬಲೂನು ಅದನ್ನು ಹಿಡಿದಿಡುತ್ತದೆ. ಆ ನೀರನ್ನು ವಾರಕ್ಕೊಮ್ಮೆ ಅಳೆಯಬೇಕು, ಸುತ್ತಲಿನ ಚರ್ಮವನ್ನು ದಿನವೂ ತೊಳೆದು ಒರೆಸಬೇಕು, ಪ್ರತಿ ಸಲ ಆಹಾರ ಕೊಟ್ಟ ಮೇಲೆ ನೀರು ಹಾಯಿಸಬೇಕು. ಹಗಲು ಸಿರಿಂಜಿನಲ್ಲಿ, ರಾತ್ರಿ ಪಂಪಿನಲ್ಲಿ ಆಹಾರ. ಒಂದು ಸಂಜೆ ಪಾರ್ಕಿನಲ್ಲಿ ಬಟನ್ ಕಳಚಿ ಬಿತ್ತು. ತಡಮಾಡಿದರೆ ಕೆಲವೇ ಗಂಟೆಗಳಲ್ಲಿ ರಂಧ್ರ ಮುಚ್ಚಿಕೊಳ್ಳಬಹುದು. ನರ್ಸ್ ಕಲಿಸಿಕೊಟ್ಟಿದ್ದಂತೆ ಚೀಲದಲ್ಲಿದ್ದ ಬದಲಿ ನಳಿಕೆ ಹಾಕಿ ಆಸ್ಪತ್ರೆಗೆ ಓಡಿದೆವು. ಅಂದಿನಿಂದ ಆ ಚೀಲವಿಲ್ಲದೆ ಹೊಸ್ತಿಲು ದಾಟುವುದಿಲ್ಲ.

ಖರ್ಚಿನ ಬಗ್ಗೆ ಅನೇಕರು ಕೇಳುತ್ತಾರೆ. ವೀಸಾ ಜೊತೆಗೇ ಆರೋಗ್ಯ ಸರ್‌ಚಾರ್ಜ್ ಕಟ್ಟಿರುತ್ತೇವೆ. 2024ರ ಫೆಬ್ರುವರಿಯಿಂದ ಇದು ವರ್ಷಕ್ಕೆ ವಯಸ್ಕರಿಗೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್. ಶಸ್ತ್ರಚಿಕಿತ್ಸೆ, ಪಂಪು, ಮನೆಗೆ ಬರುವ ಆಹಾರಕ್ಕೆ ನಾವು ಬೇರೆ ಹಣ ಕೊಟ್ಟಿಲ್ಲ. ಆದರೆ ಅಂಗವಿಕಲ ಮಕ್ಕಳಿಗೆ ಸರ್ಕಾರ ಕೊಡುವ ಭತ್ಯೆ ‘ಸಾರ್ವಜನಿಕ ನಿಧಿ’ಯಲ್ಲಿ ಸೇರುತ್ತದೆ. ಅಂಥ ನೆರವು ಪಡೆಯಬಾರದೆಂಬ ಷರತ್ತು ವೀಸಾದಲ್ಲಿದೆಯೇ ಎಂದು ನೋಡದೆ ಅರ್ಜಿ ಹಾಕಬೇಡಿ. ಊರಿಗೆ ಹೊರಡುವಾಗ ಬದಲಿ ಬಟನ್ ಮತ್ತು ವೈದ್ಯರ ಪತ್ರ ಕೈಚೀಲದಲ್ಲಿರಲಿ. ಪತ್ರ ಇದ್ದರೆ 100 ಮಿ.ಲೀ. ಮೀರಿದ ವೈದ್ಯಕೀಯ ಆಹಾರವನ್ನೂ ಇಲ್ಲಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬಿಡುತ್ತಾರೆ.

ಅಜ್ಜಿಯ ರಾಗಿ ಸರಿ

ಬೇಸಿಗೆಯಲ್ಲಿ ಅಜ್ಜಿ ಬಂದರು. ಸೂಟ್‌ಕೇಸಿನಲ್ಲಿ ಮೊಳಕೆ ಕಟ್ಟಿ, ಹುರಿದು, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದ ರಾಗಿ ಸರಿ ಹಿಟ್ಟು. ಮೊದಲ ವಾರ ಬಟನ್ ಕಡೆ ತಿರುಗಿಯೂ ನೋಡಲಿಲ್ಲ. ಎರಡನೇ ವಾರ ಪುಟ್ಟಿಯೇ ಅಂಗಿ ಎತ್ತಿ ‘ಅಜ್ಜಿ, ನನ್ನ ಗುಂಡಿ’ ಎಂದು ತೋರಿಸಿದಳು. ಮರುದಿನ ಸಿರಿಂಜ್ ಎತ್ತಿ ಹಿಡಿದವರು ಅಜ್ಜಿ.

ಥೆರಪಿಸ್ಟ್ ರಾಗಿ ಸರಿಯ ಹದ ನೋಡಿದರು. ಇಷ್ಟು ಗಟ್ಟಿ ಇದ್ದರೆ ದಿನಕ್ಕೆ ಎರಡು ಚಮಚ ರುಚಿಗೆ ಕೊಡಬಹುದು, ಒತ್ತಾಯ ಮಾತ್ರ ಬೇಡ ಎಂದರು. ಹೊಟ್ಟೆ ತುಂಬಿಸುವ ಹೊಣೆ ಬಟನ್‌ಗೆ ಬಿದ್ದ ಮೇಲೆ ಚಮಚ ಕಂಡರೆ ಪುಟ್ಟಿ ಮುಖ ತಿರುಗಿಸುವುದಿಲ್ಲ. ಕಳೆದ ಚಳಿಗಾಲದಲ್ಲಿ ಎದೆಯ ಸೋಂಕಿಗಾಗಿ ಒಮ್ಮೆಯೂ ಆಸ್ಪತ್ರೆ ಸೇರಲಿಲ್ಲ. ಮುಂದೆ ನಳಿಕೆ ತೆಗೆಯುವ ದಿನ ಬರುತ್ತದೆಯೋ ಇಲ್ಲವೋ, ವೈದ್ಯರು ಮಾತು ಕೊಟ್ಟಿಲ್ಲ. ನಾವೂ ಕೇಳುವುದನ್ನು ಬಿಟ್ಟಿದ್ದೇವೆ.

ಅಜ್ಜಿ ಈಗ ಹಾಸನದಲ್ಲಿದ್ದಾರೆ. ಭಾನುವಾರದ ಪ್ರಶ್ನೆ ಬದಲಾಗಿಲ್ಲ: ‘ಪುಟ್ಟಿ ಇವತ್ತು ಏನು ತಿಂದಳು?’

‘ಗುಂಡಿಯಲ್ಲಿ 150 ಮಿ.ಲೀ., ಬಾಯಲ್ಲಿ ಎರಡು ಚಮಚ ರಾಗಿ ಸರಿ’ ಎನ್ನುತ್ತೇವೆ. ಸುಳ್ಳು ಹೇಳುವ ಅಗತ್ಯ ಈಗಿಲ್ಲ.